ಜೊಂಡಿನೊಳಗಿನ ಎತ್ತುಗಳು

ಪಟೇಲ ಶಂಭುಲಿಂಗಪ್ಪನವರ ರುಮಾಲಿನ ತುದಿ ಬಿಚ್ಚಿ ಬೆನ್ನ ಮೇಲೆ ಇಳಿಬಿದ್ದಿದೆ, ಹೇಳಬೇಕೋ ಬೇಡವೋ, ಹೇಳುವಷ್ಟು ಸಲಿಗೆ ಇನ್ನೂ ಉಳಿದಿದೆಯೋ ಎಂದುಕೊಳ್ಳುತ್ತ ಕೆಂಪಾಜಮ್ಮ ಕಾವೇರಿಯ ಮರಳಿನಲ್ಲಿ ಕಾಲೆಳೆಯುತ್ತಾಳೆ, ಹಿಂದೆ ದಂಡಿನ ಸವಾರರ ಕುದುರೆಗಳು, ಮರಳು ಎಷ್ಟು ತಣ್ಣಗಿದೆ, ಮಗ ಚಿಕ್ಕಮಾದು ಚಾವಡಿಯ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದಾನೆ, ತುಟಿ ಒಡೆದಿದೆ, ನೀರು ಕೊಡಹೋದರೆ ಮುಖ ತಿರುಗಿಸಿದ — ಏನೂ ಏಳ್ಬ್ಯಾಡ ಕಣವ್ವ, ಅಷ್ಟೇ ಅಂದ. ಊರಿನವರು ಎತ್ತುಗಳನ್ನು ಎಲ್ಲಿ ಬಚ್ಚಿಟ್ಟಿದ್ದಾರೆಂದು ಸವಾರರು ಅವನನ್ನು ಬಡಿದು ಕೇಳಿದ್ದು, ಸಮುದ್ರದಾಚೆ ಎಲ್ಲೋ ಯುದ್ಧವಂತೆ, ತೋಪು ಎಳೆಯಲು ನಮ್ಮ ಎತ್ತೇ ಬೇಕಂತೆ, ಮಹಾರಾಜರು ನಮ್ಮೋರೇಯ, ಅವ್ರ ಮ್ಯಾಲ್ ಕುಂತೋರು ಬ್ಯಾರೆ ಎಂದು ಜಗುಲಿಯಲ್ಲಿ ನಗುತ್ತಿದ್ದ ಪಟೇಲರು ಈಗ ಅದೇ ಬಾಯಲ್ಲಿ — ನಿನ್ ಜೋಡಿ ಕೊಟ್ಬುಡು ಕೆಂಪಾಜಿ, ನಿನ್ ಮಗನ್ನ ಬುಡುಸ್ತೀನಿ, ಬ್ಯಾರೇರ್ ಎತ್ತಿನ ಮಾತೇ ಎತ್ತಾಕಿಲ್ಲ. ತನ್ನದೇ ಜೋಡಿಯಲ್ಲವೇ, ತಾಯಿ ಸತ್ತ ಕರುಗಳಿಗೆ ರಾಗಿ ಗಂಜಿಯನ್ನು ಬೆರಳಲ್ಲಿ ನೆಕ್ಕಿಸಿ ಬೆಳೆಸಿದ್ದು, ಗಂಡ ತೀರಿದ ವರ್ಷ ಆ ಜೋಡಿಯ ಕರಿಯನ ಕೊರಳಿಗೆ ಹಣೆ ಹಚ್ಚಿ ಅತ್ತದ್ದು, ಅಡಗಿದ ಜಾಗ ತೋರಿಸಬೇಕಾಗಿಯೂ ಇಲ್ಲ, ಇಷ್ಟು ದೂರದಲ್ಲಿ ನಿಂತು ಕೂಗಿದರೆ ತನ್ನವೆರಡೇ ಬರುತ್ತವೆ, ಪಕ್ಕದ ಮನೆ ರಾಚಮ್ಮ ಬಾಗಿಲಲ್ಲಿ ನಿಂತು ಚುಚ್ಚಿದಳು — ಸವಾರ್ರ ಸಂಗಡ ದಿಬ್ಬಣ ಒಂಟಂಗದಲ್ಲಕ್ಕ — ಅವಳಿಗೇನು, ಅವಳ ಮಗ ಕಂಬದಲ್ಲಿಲ್ಲ, ಅವಳ ಎತ್ತೂ ಊರವರ ಎತ್ತುಗಳ ಜೊತೆ ಹೊಳೆಯಂಚಿನ ಜೊಂಡಿನಲ್ಲಿದೆ, ಇರಲಿ, ಅಲ್ಲೇ ಇರುತ್ತದೆ. ಇಬ್ಬನಿ ಆರಿಲ್ಲ, ಜೊಂಡು ಆಳೆತ್ತರ, ಒಂದು ಸದ್ದಿಲ್ಲ, ಕೊರಳ ಗಂಟೆಗಳನ್ನೆಲ್ಲ ಹೆಂಗಸರೇ ಬಿಚ್ಚಿಟ್ಟದ್ದು, ಕೂಗಮ್ಮ ಎನ್ನುತ್ತಾರೆ ಪಟೇಲರು, ಮಗನ ಒಡೆದ ತುಟಿ, ಬಾ ಕರಿಯಾ, ಬಾರಪ್ಪ, ಬಾ — ಜೊಂಡು ಸರಿಯುತ್ತದೆ, ಕರಿಯ ತಲೆ ಕೊಡವಿ ಹೊರಗೆ ಬಂದ, ಹಿಂದೆ ಬಿಳಿಯ, ಬಂದವಲ್ಲ, ಮುಗಿಯಿತಲ್ಲ, ಆದರೆ ಜೊಂಡು ಅಲುಗುವುದು ನಿಲ್ಲುತ್ತಿಲ್ಲ, ಸಂಜೆ ಊರ ಮಂದೆಯನ್ನೆಲ್ಲ ಮುಂದೆ ನಿಂತು ಮನೆಗೆ ನಡೆಸುತ್ತಿದ್ದವನು ಕರಿಯನೇ, ಅದು ಹೇಗೆ ಮರೆಯಿತು, ದಿನಾ ನೋಡಿದ್ದು ಹೇಗೆ ಮರೆಯಿತು, ರಾಚಮ್ಮನದು ಬಂತು, ಬೆಟ್ಟಯ್ಯನ ಕೆಂದ ಬಂತು, ಸವಾರರು ಹಗ್ಗ ಬಿಚ್ಚುತ್ತಿದ್ದಾರೆ, ಪಟೇಲರು ನೆಲ ನೋಡುತ್ತಿದ್ದಾರೆ, ಓಗ್ರಪ್ಪಾ, ಇಂದಕ್ಕೋಗ್ರೋ ಎಂದರೆ ಅವಳ ದನಿ ಕೇಳಿಯೇ ಅವು ಇನ್ನಷ್ಟು ಬೇಗ ಹೆಜ್ಜೆ ಹಾಕುತ್ತವೆ, ಜೊಂಡಿನ ಮೇಲೆ ಒದ್ದೆ ಕೊಂಬು, ಅದರ ಹಿಂದೆ ಒದ್ದೆ ಕೊಂಬು, ಮತ್ತೆ ಒದ್ದೆ ಕೊಂಬು —