ಕಾಗೆಬಂಗಾರದ ಗುಡ್ಡ

ಯುದ್ಧದ ಕಾಲದಲ್ಲಿ ಕಾಗೆಬಂಗಾರಕ್ಕಾಗಿ ತೋಡಿ, ಆಮೇಲೆ ಹಾಗೇ ಬಿಟ್ಟುಹೋದ ಗುಡ್ಡವೊಂದು ಕುಶಾಲನಗರದಾಚೆ ಇತ್ತು. ಕೊಡಗು ರಾಜ್ಯವಾದ ಮೇಲೆ ಗಣಿಯ ಬಾಯಿಗೆ ಕಲ್ಲುಮಣ್ಣು ತುಂಬಿಸಿ, ಮೇಲೆಲ್ಲ ಹೊಂಗೆ, ಹೊನ್ನೆ ನೆಡಿಸಿದರು. ಅವು ಹೇಗೆ ಬರುತ್ತಿವೆಯೆಂದು ಪ್ರತಿ ಮಳೆಗಾಲ ಕಳೆದ ಮೇಲೆ ನೋಡಿಬರುವುದು ಫಾರೆಸ್ಟರ್ ಬೆಳ್ಯಪ್ಪನ ಕೆಲಸ.

ಮೊದಲ ವರ್ಷ ಅರ್ಧಕ್ಕರ್ಧ ಒಣಗಿದಾಗ ಅವನಿಗೆ ಊಟ ಸೇರಿರಲಿಲ್ಲ. ಸತ್ತ ಕಡೆಯೆಲ್ಲ ಮತ್ತೆ ನೆಡಿಸಿ, ದನ ನುಗ್ಗದಂತೆ ಬೇಲಿ ಕಟ್ಟಿಸಿದ್ದ. ಈಗ ಗುಡ್ಡ ಹಸಿರಾಗಿತ್ತು. ಕೆಳಗಿನ ಊರಿನವರಿಗೆ ಹುಲ್ಲು ಕೊಯ್ಯಲು ಬಿಡುತ್ತೇನೆಂದು ಮಾತೂ ಕೊಟ್ಟಿದ್ದ.

ಕೊಯ್ಲಿನ ದಿನ ಎಲ್ಲರಿಗಿಂತ ಮುಂಚೆ ಹತ್ತಿದ. ಬೇರೆ ಕಡೆ ಮೊಣಕಾಲಿಗೂ ಬಾರದ ಹುಲ್ಲು ನಡುವಿನ ತಗ್ಗಿನಲ್ಲಿ ಎದೆಮಟ್ಟ ಬೆಳೆದಿತ್ತು. ಕಂಡು ಹಿಗ್ಗಿದ. ಆಮೇಲೆ ಗಿಡಗಳತ್ತ ಕಣ್ಣು ಹೋಯಿತು. ತಗ್ಗಿನ ಸುತ್ತ ಇದ್ದವೆಲ್ಲ ಒಳಮುಖವಾಗಿ ವಾಲಿದ್ದವು. ಗಾಳಿಯಿರಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ.

ಅಂಚಿನಲ್ಲಿ ನಿಂತು ಕೈಕೋಲನ್ನು ನೆಲಕ್ಕೆ ಒತ್ತಿದ. ತಡೆಯೇ ಇಲ್ಲದೆ ಹಿಡಿಯವರೆಗೆ ಇಳಿಯಿತು. ಎಳೆದಾಗ ತೂತಿನಿಂದ ತಣ್ಣನೆಯ ಗಾಳಿ ಬಂದು ಮುಂಗೈಗೆ ತಾಕಿತು. ಆಳದಲ್ಲೆಲ್ಲೋ ನೀರು ಹರಿಯುವ ಸದ್ದು.

ಗಣಿಯ ಬಾಯಿ ಮಾತ್ರ ಮುಚ್ಚಿದ್ದಾರೆ, ಹೊಟ್ಟೆ ಖಾಲಿಯೇ ಇದೆ! ಬೆಳ್ಯಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಲಿಂಗಮ್ಮ ಬೇಲಿ ಸರಿಸಿ ಒಳಗೆ ಬಂದಿದ್ದಳು. ಹಾಸನದ ಕಡೆಯಿಂದ ಬಂದು ಕೆಳಗಿನ ಊರಿನಲ್ಲಿ ನೆಲೆನಿಂತವಳು. ಕೈಯಲ್ಲಿ ಕುಡುಗೋಲು, ಜೊತೆಗೆ ಕರೆತಂದ ಹಸುವಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು.

"ಲಿಂಗಮ್ಮಾ, ಅಲ್ಲೇ ನಿಲ್ಲಿ! ಮುಂದೆ ಬರಬೇಡಿ!"

"ಯಾಕ್ ಸ್ವಾಮಿ? ನೀವೇ ಅಲ್ವಾ ಬನ್ನಿ ಅಂದೋರು?"

"ಕೆಳಗೆ ನೆಲ ಇಲ್ಲ!"

"ನೆಲ ಇಲ್ದೆ ಹುಲ್ಲು ಹೆಂಗೆ ಬಂತು, ಬುಡಿ," ಎಂದು ನಕ್ಕಳು.

ಆ ಹುಲ್ಲು ಕಂಡದ್ದೇ ತಡ, ಹಸು ಮುನ್ನುಗ್ಗಿತು. ಲಿಂಗಮ್ಮ ಮುಗ್ಗರಿಸಿ ಅದರ ಹಿಂದೆ ಜಾರಿದಳು. ಕುಡುಗೋಲು ಕೈಜಾರಿ ಬಿತ್ತು. ಹಸುವಿನ ಮುಂಗಾಲು ಕುಸಿಯಿತು. ಬೆಳ್ಯಪ್ಪ ಓಡಿಬಂದು ಕುಡುಗೋಲು ಎತ್ತಿಕೊಂಡು ಒಂದೇ ಏಟಿಗೆ ಹಗ್ಗ ಕತ್ತರಿಸಿ, ಅವಳನ್ನು ತೋಳು ಹಿಡಿದು ಹಿಂದಕ್ಕೆಳೆದ.

ಹಸು ಒಮ್ಮೆ ಕೂಗಿತು. ಹುಲ್ಲಿನ ಹಾಸು ಸಮೇತ ತಗ್ಗು ಪೂರ್ತಿ ಕೆಳಗಿಳಿಯಿತು. ಅವನು ನೆಡಿಸಿದ ಗಿಡಗಳು ನಿಂತ ನಿಲುವಿನಲ್ಲೇ ಒಂದೊಂದಾಗಿ ಮರೆಯಾದವು. ಬಹಳ ಹೊತ್ತಾದ ಮೇಲೆ ಕೆಳಗಿನಿಂದ ನೀರಿಗೆ ಬಿದ್ದ ಸದ್ದು ಕೇಳಿತು.

ಲಿಂಗಮ್ಮ ಊದಿಕೊಂಡ ಮಣಿಕಟ್ಟನ್ನು ಎದೆಗೊತ್ತಿಕೊಂಡು ಕೂತಿದ್ದಳು. "ಕರು ಮನೇಲದೆ," ಎಂದಳು.

ಅವಳನ್ನು ಮೆಲ್ಲಗೆ ನಡೆಸಿಕೊಂಡು ಇಳಿದ ಬೆಳ್ಯಪ್ಪ ನೆಟ್ಟಗೆ ಊರಿಗೆ ಬಂದು, ಮನೆಮನೆಯ ಬಾಗಿಲು ತಟ್ಟಿ ಎಲ್ಲರನ್ನೂ ಹೊರಗೆ ಕರೆದ. ಪಾತ್ರೆ, ಚಾಪೆ, ಕೈಗೂಸು ಎತ್ತಿಕೊಂಡು ಜನ ಬೀದಿಗೆ ಬಂದರು.

"ಗಣಿ ಎಲ್ಲೀತನಕ ತೋಡವ್ರೆ ಸ್ವಾಮಿ?" ಎಂದು ಹಿರಿಯ ಪುಟ್ಟಸ್ವಾಮಿ ಕೇಳಿದ.

ತೋಡಿಸಿದ ಸಾಹುಕಾರ ಎಂದೋ ಊರು ಬಿಟ್ಟಿದ್ದ. ಅಗೆದವರು ಎಲ್ಲೆಲ್ಲಿಗೋ ಚದುರಿಹೋಗಿದ್ದರು. ಬೆಳ್ಯಪ್ಪ ಕಾಲಡಿಯ ನೆಲ ನೋಡಿದ.

"ಗೊತ್ತಿಲ್ಲ," ಎಂದ. "ಮೊದಲು ಇಲ್ಲಿಂದ ನಡೆಯಿರಿ."