ನೆಲದಿಂದ ಏಳುವ ವಿದ್ಯೆ

ಬದುಕೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದ ಹೆಂಗಸಿಗೆ ನಿಧಾನ ಎಂದರೆ ಮೈ ಉರಿಯುತ್ತದೆ. ಕಂಡಕ್ಟರಮ್ಮನನ್ನಂತೂ ಕೇಳಲೇಬೇಡಿ! ನಿವೃತ್ತಿಯಾದ ಮೇಲೂ ಹಾಲಿನವನನ್ನು, ಲಿಫ್ಟನ್ನು, ಒಲೆಯ ಮೇಲೆ ಕುದಿಯಲೊಲ್ಲದ ನೀರನ್ನು "ಬೇಗ, ಬೇಗ" ಎಂದು ಗದರುತ್ತಿದ್ದಳು. ಅಂಥವಳು ಒಂದು ಮಧ್ಯಾಹ್ನ ಮೊಮ್ಮಗಳನ್ನು ಆಡಿಸಲೆಂದು ನೆಲದ ಮೇಲೆ ಕುಳಿತಳು. ಕುಳಿತವಳಿಗೆ ಏಳಲಾಗಲಿಲ್ಲ.

ಪುಟ್ಟಿ ಅಂಬೆಗಾಲಿಡುತ್ತಾ ಸೀದಾ ಮೆಟ್ಟಿಲಿನತ್ತ ಹೊರಟಿತು. ಅಜ್ಜಿ ದಡಕ್ಕನೆ ಏಳಹೋದಳು, ಮಂಡಿ ಹಿಡಿದುಕೊಂಡಿತು, ಧೊಪ್ಪನೆ ಮತ್ತೆ ಕುಳಿತಳು. ಅವಳ ಕೂಗಿಗೆ ಮಗಳು ಬಚ್ಚಲಿನಿಂದ ತಲೆತುಂಬ ಸೋಪಿನ ನೊರೆ ಹೊತ್ತು ಓಡಿಬಂದು ಮಗುವನ್ನು ಬಾಚಿಕೊಂಡಳು.

ತಲೆ ಒರೆಸಿಕೊಳ್ಳುತ್ತಲೇ ತೀರ್ಮಾನ ಹೇಳಿದಳು: "ಅಮ್ಮ, ಬೇಜಾರು ಮಾಡ್ಕೋಬೇಡ. ರಜೆ ಮುಗಿದ್ಮೇಲೆ ನಾನು ಲ್ಯಾಬಿಗೆ ಹೋಗ್ಲೇಬೇಕು. ಪುಟ್ಟೀನ ಶಿಶುವಿಹಾರಕ್ಕೆ ಬಿಡ್ತೀನಿ."

"ಯಾಕೆ, ನಾನು ಸತ್ತಿದೀನಾ?"

"ಸಾಯೋ ಮಾತ್ಯಾಕೆ? ಕೂತ್ರೆ ಏಳೋಕಾಗಲ್ಲ ನಿಂಗೆ. ಯಾವ ಧೈರ್ಯದ ಮೇಲೆ ಬಿಟ್ಟುಹೋಗ್ಲಿ?"

ಮಾತು ಸುಳ್ಳಲ್ಲ, ಅದಕ್ಕೇ ಚುಚ್ಚಿತು. ಈ ಮಗಳು ಕೂಸಾಗಿದ್ದಾಗ ಪಕ್ಕದ ಮನೆಯವರ ಮಡಿಲಿಗೆ ಹಾಕಿ ಬೆಳಗಿನ ಮೊದಲ ಬಸ್ಸು ಹತ್ತಿದವಳು ಕಂಡಕ್ಟರಮ್ಮ. ಮೊಮ್ಮಗಳನ್ನಾದರೂ ಕಣ್ತುಂಬ ನೋಡುತ್ತಾ ಬೆಳೆಸಬೇಕೆಂಬುದು ಅವಳ ಒಂದೇ ಆಸೆ.

ಮರುದಿನವೇ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುವ ಯೋಗದ ಕ್ಲಾಸಿಗೆ ಸೇರಿದಳು. ಮೇಷ್ಟ್ರು ಅವಳ ಮಗಳ ವಯಸ್ಸಿನವರು. ಅಬ್ಬಾ, ಏನು ನಿಧಾನ! ಅವರು ಒಂದು ತೋಳೆತ್ತಿ ಇಳಿಸುವಷ್ಟರಲ್ಲಿ ಇವಳು ಅರ್ಧ ಬಸ್ಸಿಗೆ ಟಿಕೆಟ್ ಕೊಟ್ಟು ಮುಗಿಸುತ್ತಿದ್ದಳು. ಬಾಗಿಲಲ್ಲಿ ಜನ ನಿಂತದ್ದು ಕಂಡು ತಡೆಯಲಾಗದೆ, "ಮುಂದಕ್ಕೆ ಹೋಗ್ರೀ, ಅಷ್ಟೊಂದು ಜಾಗ ಇದೆ!" ಎಂದು ಕೂಗಿಯೇಬಿಟ್ಟಳು. ಕಣ್ಣು ಮುಚ್ಚಿ ಕುಳಿತವರೆಲ್ಲ ಗಾಬರಿಯಿಂದ ಚಾಪೆ ಎಳೆದುಕೊಂಡು ಮುಂದೆ ಸರಿದರು.

ಮೇಷ್ಟ್ರು ನಗು ತಡೆದುಕೊಂಡು ಅವಳನ್ನು ಸುಮ್ಮನೆ ನಿಲ್ಲಲು ಹೇಳಿ, ಸುತ್ತ ಒಂದು ಸಲ ಬಂದರು. "ಅಮ್ಮ, ಕಾಲನ್ನ ಯಾಕೆ ಹೀಗೆ ಬಿಗಿಹಿಡಿದಿದ್ದೀರಿ?"

ನೋಡಿಕೊಂಡಳು. ಒಂದು ಕಾಲು ಮುಂದೆ, ಸೊಂಟ ಸೆಟೆದಿದೆ, ಬೆರಳುಗಳು ನೆಲವನ್ನು ಕಚ್ಚಿವೆ. "ಡ್ರೈವರ್ ಬ್ರೇಕ್ ಹಾಕಿದ್ರೆ ಬಿದ್ದುಬಿಡ್ತೀನಲ್ಲ, ಮೇಷ್ಟ್ರೇ!" ಎಂದು ಬಾಯಿಂದ ಜಾರಿತು.

"ಬಸ್ಸು ನಿಂತಿದೆ ಅಮ್ಮ. ಇಳೀರಿ."

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

"ಅವಸರದ ಮೈ ಯಾವಾಗಲೂ ಹೆದರಿಕೊಂಡೇ ಇರತ್ತೆ," ಎಂದರು ಮೇಷ್ಟ್ರು. "ಹೆದರಿದ ಮೈಗೆ ಏನೂ ಕಲಿಸೋಕಾಗಲ್ಲ. ಎಲ್ಲಿ ನೋವು ಶುರುವಾಗತ್ತೋ, ಅದಕ್ಕಿಂತ ಒಂದು ಕೂದಲೆಳೆ ಹಿಂದೆ ನಿಂತ್ಕೊಳ್ಳಿ. ಅಲ್ಲೇ ಆರಾಮಾಗಿ ಉಸಿರಾಡಿ. ಮೈಗೇ ನಂಬಿಕೆ ಬಂದು ತಾನಾಗಿ ಜಾಗ ಕೊಡತ್ತೆ."

ಏಳುವುದನ್ನು ಕಲಿಯಬೇಕೆಂದು ಹೋದವಳಿಗೆ ಅವರು ಮೊದಲು ನೆಲಕ್ಕೆ ಇಳಿಯುವುದನ್ನು ಕಲಿಸಿದರು. ಆಮೇಲೆ ಮಗ್ಗುಲಿಗೆ ಹೊರಳುವುದು. ಆಮೇಲೆ ಅಂಗೈ ಊರುವುದು. ಇದೆಂಥ ಗೋಳು ಎಂದು ಅವಳು ಮನೆಯಲ್ಲಿ ಕದ್ದುಮುಚ್ಚಿ ರಭಸದಿಂದ ಏಳುವ ಅಭ್ಯಾಸ ಮಾಡಿ ಮಂಡಿ ಊದಿಸಿಕೊಂಡಳು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಊತ ಇಳೀಲಿ, ಮತ್ತೆ ಶುರು ಮಾಡೋಣ" ಎಂದರು, ಅಷ್ಟೇ.

ಮತ್ತೆ ಶುರು ಮಾಡಿದಳು. ಈ ಸಲ ನಿಜಕ್ಕೂ ನಿಧಾನವಾಗಿ. ನಿಧಾನದಲ್ಲಿ ಇಷ್ಟು ಖುಷಿ ಇದೆಯೆಂದು ಯಾರೂ ಅವಳಿಗೆ ಹೇಳಿರಲೇ ಇಲ್ಲ! ತೋಳೆತ್ತಿದರೆ ಪಕ್ಕೆಲುಬು ಬಿಡಿಸಿಕೊಳ್ಳುವುದು ತಿಳಿಯುತ್ತಿತ್ತು. ಇಸ್ತ್ರಿಯ ಬಿಸಿಗೆ ಬೆಚ್ಚಗಾದ ನೆಲ ಬೆನ್ನಿಗೆ ಹಿತವಾಗುತ್ತಿತ್ತು.

ಮಗಳ ರಜೆಯ ಕೊನೆಯ ದಿನ ಬಂತು. ಅಮ್ಮನನ್ನು ನೆಲದ ಮೇಲೆ ಕೂರಿಸಿ, "ಎಲ್ಲಿ, ಎದ್ದು ತೋರ್ಸು," ಎಂದಳು ಮಗಳು, ಕೈಕಟ್ಟಿ ನಿಂತು.

ಮಗಳು ನೋಡುತ್ತಿದ್ದಾಳಲ್ಲ, ಕಂಡಕ್ಟರಮ್ಮನಿಗೆ ಹಳೆಯ ಚಾಳಿ ಹತ್ತಿಬಿಟ್ಟಿತು. ದಡಕ್ಕನೆ ಏಳಹೋದಳು, ಧೊಪ್ಪನೆ ಕುಳಿತಳು. ಮಗಳ ಮುಖ ಬಾಡಿತು. "ಇರ್ಲಿ ಬಿಡಮ್ಮ," ಎಂದು ಪುಟ್ಟಿಯ ಶಿಶುವಿಹಾರದ ಚೀಲ ಹುಡುಕಲು ತಿರುಗಿದಳು.

ಅಷ್ಟರಲ್ಲಿ ಪುಟ್ಟಿ ಗಿಡ್ಡ ಮೇಜಿನ ಬಟ್ಟೆಯ ತುದಿ ಹಿಡಿದಿತ್ತು. ಮೇಲೆ ಬಿಸಿ ಚಹಾದ ಲೋಟ. ಒಂದೊಂದು ಎಳೆತಕ್ಕೂ ಲೋಟ ಅಂಚಿನತ್ತ ಸರಿಯುತ್ತಿತ್ತು. ಮಗಳು ಕಿರುಚಿ ಹಾರಿದಳು. ಚೀಲದ ಪಟ್ಟಿಗೆ ಕಾಲು ಸಿಕ್ಕಿ ಬೋರಲು ಬಿದ್ದಳು.

ಕಂಡಕ್ಟರಮ್ಮನ ಗಂಟಲಿಗೂ ಕಿರುಚಾಟ ಬಂದಿತ್ತು. ಅದನ್ನು ಉಸಿರಾಗಿ ಹೊರಗೆ ಬಿಟ್ಟಳು. ಮಗ್ಗುಲು, ಅಂಗೈ, ಮಂಡಿ, ಪಾದ. ಒಂದರ ಹಿಂದೊಂದು, ಎಲ್ಲೂ ಓಡಲಿಲ್ಲ, ಎಲ್ಲೂ ನಿಲ್ಲಲೂ ಇಲ್ಲ. ಎದ್ದು ನಿಂತು ಒಂದು ಕೈಯಲ್ಲಿ ಲೋಟ ಎತ್ತಿಕೊಂಡಳು, ಇನ್ನೊಂದರಲ್ಲಿ ಪುಟ್ಟಿಯ ಮುಷ್ಟಿ ಬಿಡಿಸಿದಳು.

ಮಗಳು ಮೊಣಕೈ ಉಜ್ಜಿಕೊಳ್ಳುತ್ತಾ ಕೆಳಗಿನಿಂದ ನೋಡಿದಳು. "ಅಮ್ಮಾ... ಎದ್ದುಬಿಟ್ಟೆ!"

"ನಾನು ಎದ್ದೆ, ನೀನು ಬಿದ್ದೆ. ಹಾಗೆ ಏಳ್ಬೇಡ್ವೇ, ಮೊದ್ಲು ಮಗ್ಗುಲಿಗೆ ಹೊರಳು."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೇಳಿದ ಹಾಗೇ ಹೊರಳಿ ಎದ್ದಳು. ಚೀಲದಿಂದ ಪುಟ್ಟಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಅಮ್ಮನ ಮಂಚದ ಮೇಲಿಟ್ಟಳು.

"ನಾಳೆ ಬೆಳಿಗ್ಗೆ ಬೇಗ ಹೊರಡ್ತೀನಮ್ಮ. ಹಾಲು ಕುಡಿಸಿದ್ರೆ ಇವಳು ಮಲಗ್ತಾಳೆ."

ಕಂಡಕ್ಟರಮ್ಮ ಪುಟ್ಟಿಯನ್ನು ಎದೆಗವಚಿಕೊಂಡಳು. ಸಂತೋಷಕ್ಕೆ ಕಣ್ಣೀರು ಧಾರೆಯಾಗಿ ಇಳಿಯಿತು.

"ಹೋಗ್ಬಾ ಮಗಳೇ," ಎಂದಳು. "ನಾನು ಮನೇಲೇ ಇರ್ತೀನಿ."