ಅರ್ಧ ಪಾಲಿನ ಲೆನ್ಸು

ಪರಮೇಶ್ ಮೂರನೇ ಸಲ ಹೆಣದ ಮುಂದೆ ಹೋಗಿ ನಿಂತು ಕೈಮುಗಿದ. ನೋಡಿದವರು, ಪಾಪ, ಎಷ್ಟು ಹಚ್ಚಿಕೊಂಡಿದ್ದ ಅಂದುಕೊಂಡರು. ಹಚ್ಚಿಕೊಂಡಿದ್ದು ಸುಳ್ಳಲ್ಲ. ಆದರೆ ಅವನ ಕಣ್ಣು ಶೇಷಪ್ಪನ ಮುಖದ ಮೇಲಿರಲಿಲ್ಲ, ಎದೆಯ ಮೇಲಿದ್ದ ಬಿಳಿ ಲೆನ್ಸಿನ ಮೇಲಿತ್ತು.

ಜನ್ನಾಪುರದ ಆ ಸಣ್ಣ ಮನೆಯ ಜಗಲಿಯಲ್ಲಿ ಶೇಷಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗ್ಗೆ ಎದ್ದು ಎದೆನೋವು ಅಂದವನು ಆಟೋ ಬರುವುದರೊಳಗೆ ಹೋಗಿಬಿಟ್ಟಿದ್ದ. ಮೂವತ್ತು ವರ್ಷ ಭದ್ರಾವತಿಯ ಮದುವೆ, ನಾಮಕರಣಗಳ ಫೋಟೋ ಹಿಡಿದವನು. ಅವನ ಕೊರಳಿಗೆ ಕ್ಯಾಮೆರಾ ಹಾಕಿಸಿದ್ದು ಹೆಂಡತಿ ಹುಲಿಗೆಮ್ಮನ ಅಣ್ಣ ಉಜ್ಜನಪ್ಪ. ಕ್ಯಾಮೆರಾ ಶಟರ್ ಕೆಟ್ಟು ಮೂಲೆ ಸೇರಿದ್ದು. ಅದು ಹೋಗಲಿ. ಉಜ್ಜನಪ್ಪ ಸುಮ್ಮನಿರದೆ, ಬೀರುವಿನಲ್ಲಿದ್ದ ಲೆನ್ಸುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಶೇಷಪ್ಪನ ಮಗಳು ಸಮತಾಳ ಕೈಯಲ್ಲಿ ಅದಕ್ಕೆ ಹಾಕಿಸಿದ್ದ.

"ಹೂವಿನ ನೀರು ಲೆನ್ಸಿಗೆ ತಾಗತ್ತೆ. ತೆಗೆದಿಡ್ಲಾ?" ಪರಮೇಶ್ ಮೆಲ್ಲಗೆ ಕೇಳಿದ.

"ತಾಗ್ಲಿ ಬಿಡು ಮಾರಾಯ." ಉಜ್ಜನಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಹೆಂಗಿದ್ರೂ ಜೊತೇಲೇ ಮಣ್ಣಿಗೆ ಹೋಗತ್ತೆ. ನಮ್ಮಪ್ಪಂಗೆ ಎಲೆಅಡಿಕೆ ಚೀಲ ಇಟ್ಟು ಕಳಿಸಿದ್ವಿ. ಇವನಿಗೆ ಇದೇ ಜೀವ. ಬರಿಗೈಲಿ ಕಳಿಸಕ್ಕಾಗತ್ತಾ?"

ಆ ಲೆನ್ಸಿನಲ್ಲಿ ಅರ್ಧ ಪಾಲು ಪರಮೇಶನದು.

ನಾಳೆ ಬೆಳಗ್ಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ವಿಷ್ಣುಪ್ರಸಾದರ ಮಗಳ ಮದುವೆ. ಶೇಷಪ್ಪನೂ ಅವನೂ ಸೇರಿ ಒಪ್ಪಿಕೊಂಡಿದ್ದ ಕೆಲಸ, ಈಗ ಒಬ್ಬನೇ ಹೋಗಬೇಕು. ಆ ಮನೆಯ ಪುರೋಹಿತರದ್ದು ಮಹಾ ಮಡಿ. ಫೋಟೋದವರು ಮಂಟಪದ ಹತ್ತಿರ ಸುಳಿಯುವ ಹಾಗಿಲ್ಲ, ಕುರ್ಚಿಗಳ ಹಿಂದೆಯೇ ನಿಲ್ಲಬೇಕು ಅಂತ ಮೊದಲೇ ಹೇಳಿಕಳಿಸಿದ್ದರು. ಅಷ್ಟು ದೂರದಿಂದ ತಾಳಿ ಕಟ್ಟುವ ಕೈ ಕಾಣಬೇಕೆಂದರೆ ಈ ಉದ್ದ ಲೆನ್ಸೇ ಬೇಕು. ಪರಮೇಶ್ ಹಿತ್ತಲಿಗೆ ಹೋಗಿ ಏಳೆಂಟು ಜನ ಫೋಟೋದವರಿಗೆ ಫೋನ್ ಮಾಡಿದ. ಒಳ್ಳೇ ಮುಹೂರ್ತದ ದಿನ, ಎಲ್ಲರ ಲೆನ್ಸೂ ಎಲ್ಲೆಲ್ಲೋ ಹೊರಟಿದ್ದವು. ಸಾವಿನ ಮನೆಯಲ್ಲಿ ನಿಂತು ಹೀಗೆ ಫೋನ್ ಮಾಡುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಆಯಿತು.

ಅರ್ಧ ನನ್ನದು ಅಂತ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆ ಮಾತನ್ನೇ ಆಡುವ ಹಾಗಿರಲಿಲ್ಲ.

*

ಆರು ವರ್ಷದ ಹಿಂದೆ ಶಿವಮೊಗ್ಗದ ಅಂಗಡಿಯಲ್ಲಿ ಇಬ್ಬರೂ ಮಧ್ಯಾಹ್ನದ ಊಟ ಬಿಟ್ಟು ಜಗಳವಾಡಿದ್ದರು. ಪರಮೇಶನಿಗೆ ಗಿಡ್ಡ ಲೆನ್ಸು ಬೇಕಿತ್ತು. ಸ್ಟೇಜಿನ ಮೇಲೆ ನಲವತ್ತು ಜನ ನೆಂಟರು ನಿಂತರೂ ಒಂದೇ ಫೋಟೋದಲ್ಲಿ ಹಿಡಿಸುವಂಥದ್ದು.

"ಗುಂಪು ಫೋಟೋ ಯಾವ ಲೆನ್ಸಲ್ಲಾದ್ರೂ ಬರತ್ತೆ," ಶೇಷಪ್ಪ ಅಂದಿದ್ದ. "ಹತ್ತಿರ ಹೋದ್ರೆ ಜನ ಮುಖ ಬಿಗಿ ಮಾಡ್ಕೋತಾರೆ. ದೂರದಿಂದ ಹಿಡಿದ್ರೆ ಮುಖ ಅವರದ್ದೇ ಆಗಿರತ್ತೆ."

"ಕೈ ನಡುಗಿದ್ರೆ ಎಲ್ಲ ಮಸುಕಾಗತ್ತೆ ಶೇಷಣ್ಣ. ಎಷ್ಟು ಭಾರ ಇದೆ ನೋಡು."

"ಕಂಬಕ್ಕೆ ಒರಗಿ ನಿಂತ್ಕೋತೀನಿ."

ಹಾಗೇ ನಿಂತ. ಮೊದಲೇ ಸಂಕೋಚದ ಮನುಷ್ಯ. ನೆಂಟರನ್ನು ಸರೀರಿ ಸರೀರಿ ಎಂದು ತಳ್ಳಿ ಮುಂದೆ ನುಗ್ಗುವುದು ಅವನಿಗೆ ಎಂದೂ ಬಂದಿರಲಿಲ್ಲ. ಆ ಲೆನ್ಸು ಬಂದಮೇಲೆ ಛತ್ರದ ಕೊನೆಯ ಕಂಬವೇ ಅವನ ಜಾಗವಾಯಿತು. ಮಗಳ ಕೈ ಧಾರೆಯೆರೆದು ಕೊಟ್ಟ ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದು, ಊಟದ ಪಂಕ್ತಿಯಲ್ಲಿ ಮುದುಕ ಎರಡನೇ ಹೋಳಿಗೆಗೆ ಎಲೆ ತೋರಿಸುವುದು, ಎಲ್ಲ ಅವನಿಗೆ ಸಿಗುತ್ತಿತ್ತು. ಯಾರಾದರೂ ಹಿರಿಯರು ತೀರಿಕೊಂಡರೆ ಜನ್ನಾಪುರದವರು ಶೇಷಪ್ಪನ ಮನೆಗೇ ಬರುತ್ತಿದ್ದರು. ಯಾವುದೋ ಮದುವೆಯಲ್ಲಿ ತಮಗೇ ಗೊತ್ತಿಲ್ಲದೆ ನಕ್ಕ ಅವರ ಮುಖ ಅವನ ಹತ್ತಿರ ಇದ್ದೇ ಇರುತ್ತಿತ್ತು. ಅದನ್ನು ದೊಡ್ಡದು ಮಾಡಿ ಕೊಡುತ್ತಿದ್ದ.

ಇಬ್ಬರೂ ಅರ್ಧರ್ಧ ದುಡ್ಡು ಹಾಕಿ ಕೊಂಡ ಆ ದಿನ, ಲೆನ್ಸು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಶೇಷಪ್ಪ, "ಒಂದು ಮಾತು," ಅಂದಿದ್ದ. "ಮನೇಲಿ ನಾನೊಬ್ಬನೇ ತಗೊಂಡೆ ಅಂತ ಹೇಳ್ತೀನಿ. ನೀನು ಬಾಯಿ ಬಿಡಬೇಡ."

"ಯಾಕೆ?"

"ಮದುವೆಯಾದಾಗಿಂದ ಹುಲಿಗೆಮ್ಮನ ಮುಂದೆ ಒಂದು ದೊಡ್ಡ ವಸ್ತು ತಂದಿಟ್ಟು, ಇದು ನಂದು ಅಂದಿಲ್ಲ ಕಣೋ. ಒಂದು ಸಲ ಅನ್ನಬೇಕು."

ಪರಮೇಶ್ ನಕ್ಕು, ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ.

*

ಹೆಣ ಇಳಿಸಲು ಗುಂಡಿಯೊಳಗೆ ನಿಂತ ಇಬ್ಬರಲ್ಲಿ ಪರಮೇಶನೂ ಒಬ್ಬ. ಶೇಷಪ್ಪನ ಹೆಗಲು ಹಿಡಿದು ಮಲಗಿಸಿದ. ಜೊತೆಗಿದ್ದವನು ಮೇಲೆ ಹತ್ತಿಕೊಂಡ. ಪರಮೇಶ್ ಹತ್ತಲಿಲ್ಲ.

"ಬಾರೋ ಮೇಲೆ," ಉಜ್ಜನಪ್ಪ ಕೈ ಕೊಟ್ಟ. "ಮಣ್ಣು ಹಾಕಬೇಕು."

"ಉಜ್ಜನಪ್ಪಣ್ಣ, ಆ ಲೆನ್ಸು ನಂಗೆ ಬೇಕು."

ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಣದ ಮೇಲಿಂದ ಕೀಳ್ತೀಯೇನೋ?" ಉಜ್ಜನಪ್ಪನ ಕೈ ಹಾಗೇ ಹಿಂದಕ್ಕೆ ಹೋಯಿತು.

"ಅರ್ಧ ನಂದು. ಇಬ್ರೂ ಸೇರಿ ತಗೊಂಡಿದ್ದು. ಹೇಳಲ್ಲ ಅಂತ ಶೇಷಣ್ಣಂಗೆ ಮಾತು ಕೊಟ್ಟಿದ್ದೆ." ಅಷ್ಟು ಹೇಳುವುದರಲ್ಲಿ ಅವನಿಗೆ ಅಳು ಬಂತು. ಬೆಳಗಿನಿಂದ ಬಾರದ ಅಳು, ಈಗ ನಾಚಿಕೆಗೋ ದುಃಖಕ್ಕೋ ತಿಳಿಯದ ಹಾಗೆ ಬಂತು. ಸತ್ತವನ ಮಾನ ಅವನ ಪಕ್ಕದಲ್ಲೇ ನಿಂತು ತೆಗೆದೆ ಅನ್ನಿಸಿತು.

ಹುಲಿಗೆಮ್ಮ ಮಗಳ ಕೈ ಬಿಡಿಸಿಕೊಂಡು ಗುಂಡಿಯ ಅಂಚಿಗೆ ಬಂದಳು. ಬಹಳ ಹೊತ್ತು ಗಂಡನ ಮುಖವನ್ನೇ ನೋಡಿದಳು.

"ನಾನೊಬ್ನೇ ತಗೊಂಡೆ ಅಂದಿದ್ರು," ಅಂದಳು. "ನಾನು ಅದಕ್ಕೆ ಕುಂಕುಮ ಇಟ್ಟು ಆರತಿ ಎತ್ತಿದ್ದೆ. ಆವತ್ತು ರಾತ್ರಿಯೆಲ್ಲ ಪಕ್ಕದಲ್ಲಿ ಇಟ್ಕೊಂಡು ಮಲಗಿದ್ರು."

ಆಮೇಲೆ ಪರಮೇಶನ ಕಡೆ ತಿರುಗಿದಳು.

"ನಾಳೆ ಮದುವೆಗೆ ಬೇಕಾ?"

"ಹೂಂ ಅಕ್ಕ. ಬೇರೆಲ್ಲೂ ಸಿಗಲಿಲ್ಲ."

"ಬೆಳಗಿನಿಂದ ಒದ್ದಾಡ್ತಿದ್ದೆ, ನಾನು ನೋಡ್ತಿದ್ದೆ. ಏನಪ್ಪ ಇವನಿಗೆ ಅಂತ." ಅವಳು ಕಣ್ಣೊರೆಸಿಕೊಂಡಳು. "ಬಿಚ್ಕೊ. ಮುಹೂರ್ತ ತಪ್ಪಿದ್ರೆ ಇವರಿದ್ದಿದ್ರೂ ಸುಮ್ನಿರ್ತಿರಲಿಲ್ಲ."

ಪರಮೇಶ್ ಬಗ್ಗಿದ. ಕ್ಯಾಮೆರಾದ ಬಟನ್ ಒತ್ತಿ ತಿರುಗಿಸಿದಾಗ ಟಕ್ ಎಂದು ಲೆನ್ಸು ಕೈಗೆ ಬಂತು. ಅಂಟಿದ್ದ ಸೇವಂತಿಗೆ ಎಸಳನ್ನು ಊದಿ, ಲೆನ್ಸನ್ನು ಸಮತಾಳ ಕೈಗೆ ದಾಟಿಸಿದ. ಉಜ್ಜನಪ್ಪ ಮೊದಲ ಹಿಡಿ ಮಣ್ಣು ತೆಗೆದುಕೊಂಡ.

"ತಡೀರಿ," ಅಂದ ಪರಮೇಶ್.

ಲೆನ್ಸು ಬಿಚ್ಚಿದ ಕ್ಯಾಮೆರಾ ಶೇಷಪ್ಪನ ಎದೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು. ಪರಮೇಶ್ ತನ್ನ ಅಂಗಿಯ ಜೇಬು ತಡಕಿದ. ಪ್ಯಾಂಟಿನ ಎರಡೂ ಜೇಬು ತಡಕಿ ಕ್ಯಾಮೆರಾದ ಬಾಯಿಗೆ ಹಾಕುವ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹೊರಗೆ ತೆಗೆದ.

"ಒಳಗೆ ದೂಳು ಹೋಗತ್ತೆ," ಅಂದ.

ಉಜ್ಜನಪ್ಪ ಮಣ್ಣಿನ ಮುಷ್ಟಿ ಹಾಗೇ ಬಿಗಿಹಿಡಿದು ಕಾದ. ಪರಮೇಶ್ ಮುಚ್ಚಳ ತಿರುಗಿಸಿ ಕೂರಿಸಿ, ಸರಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಲ್ಲಿ ಇನ್ನೊಮ್ಮೆ ಒತ್ತಿ ನೋಡಿದ.